ಬಿಟ್ಟುಹೋದ ನದಿ

ನನ್ನ ಗಂಡನನ್ನು ಊರಿನವರು ‘ಎರಡು ಕೋಟು’ ಎಂದು ಕರೆಯುತ್ತಾರೆ. ಗೋಡೆಗೆ ಬಣ್ಣ ಬಳಿಯುವುದು ಅವರ ಕಸುಬು. ಮನೆಯ ಯಜಮಾನ ಒಂದೇ ಕೋಟು ಸಾಕಪ್ಪ ಎಂದು ಕೈಮುಗಿದರೂ ನಮ್ಮವರು ಎರಡನೆಯದನ್ನು ಬಳಿದೇ ಏಣಿ ಇಳಿಯುವುದು. ಬಾಗಿಲ ಹಿಂದೆ, ಕಪಾಟಿನ ಹಿಂದೆ, ಯಾರ ಕಣ್ಣಿಗೂ ಬೀಳದ ಮೂಲೆಯಲ್ಲಿ ಕೂಡ ಬೆರಳಗಲ ಜಾಗ ಬಿಟ್ಟುಹೋಗಿದ್ದರೆ ಅವರಿಗೆ ಊಟ ಸೇರುವುದಿಲ್ಲ. ಬಳಿದ ಮೇಲೂ ಮನೆಗೆ ಬರುವ ಪೈಕಿಯಲ್ಲ. ಗೋಡೆಯ ಮುಂದೆ ಎರಡೂ ಕೈ ಚಾಚಿ ನಿಂತು, “ಹಸಿ ಇದೆ, ಯಾರೂ ಮುಟ್ಬೇಡಿ” ಎಂದು ಹೋಗಿ ಬರುವವರನ್ನೆಲ್ಲ ದೂರ ಅಟ್ಟುತ್ತಾರೆ. ನೆಂಟರ ಮನೆಗೆ ಹೋದರೆ ಮೊದಲು ಗೋಡೆಯನ್ನು ಮಾತಾಡಿಸುತ್ತಾರೆ, ಆಮೇಲೆ ನೆಂಟರನ್ನು.

ಮಾತಿನಲ್ಲೂ ಅವರದು ಇದೇ ಕಥೆ. ನಾನು ನಿಧಾನದವಳು. ಒಂದು ಮಾತು ಶುರುಮಾಡಿ, ಸರಿಯಾದ ಪದ ಬರಲಿ ಎಂದು ನಡುವೆ ನಿಲ್ಲುತ್ತೇನೆ. ನಾಲಿಗೆಗೆ ಏನೂ ಆಗಿಲ್ಲ, ಯೋಚಿಸುತ್ತಿರುತ್ತೇನೆ ಅಷ್ಟೆ. ನಮ್ಮವರಿಗೆ ಅದು ಬಿಟ್ಟುಹೋದ ಜಾಗ. ತಕ್ಷಣ ತುಂಬಿಬಿಡುತ್ತಾರೆ. “ನನಗೆ ಇವತ್ತು ಸ್ವಲ್ಪ…” ಎಂದರೆ “ತಲೆನೋವಾ? ಮಾತ್ರೆ ತಗೋ.” “ಈ ಭಾನುವಾರ ನಾವು…” ಎಂದರೆ “ಅಕ್ಕನ ಮನೆಗೆ ತಾನೆ? ಹೋಗೋಣ.” ಅಕ್ಕನ ಮನೆ ನನ್ನ ತಲೆಯಲ್ಲೇ ಇರಲಿಲ್ಲ, ಆದರೂ ಹೋಗಿ ಬಂದಿದ್ದೇವೆ. ಅತ್ತೆಯಂತೂ ಮಗನಿಗಿಂತ ಚುರುಕು, ನಾನು ಬಾಯಿ ತೆರೆಯುವ ಮೊದಲೇ ಉತ್ತರ ಕೊಡುತ್ತಾರೆ. ಇಬ್ಬರೂ ಒಳ್ಳೆಯವರು, ಅದೇ ಕಷ್ಟ. ಕೆಟ್ಟವರಾಗಿದ್ದರೆ ಎಂದೋ ಜಗಳ ಕಾದು ಗೆದ್ದಿರುತ್ತಿದ್ದೆ. ನನ್ನ ವಾಕ್ಯ ನನ್ನ ಬಾಯಲ್ಲೇ ಮುಗಿಯುತ್ತಿದ್ದದ್ದು ನಾನು ಕೆಲಸ ಮಾಡುವ ಕನ್ನಡಕದ ಅಂಗಡಿಯಲ್ಲಿ ಮಾತ್ರ. ಅಲ್ಲಿ ಗಿರಾಕಿ ಕಣ್ಣು ಪರೀಕ್ಷಿಸುವ ಯಂತ್ರದ ಮೇಲೆ ಗದ್ದ ಇಟ್ಟು ಕೂತಿರುತ್ತಾನೆ, ಬಾಯಿ ತೆರೆಯುವ ಹಾಗಿಲ್ಲ.

ಗ್ರಂಥಾಲಯದ ಮಹಡಿಯಲ್ಲಿ ಜಲವರ್ಣದ ತರಗತಿ ಶುರುವಾದಾಗ ನಾನು ಹೋಗಿ ಸೇರಿಕೊಂಡೆ. ಕಲಿಸುವವರು ಕಡ್ಡಿಯಂಥ ಹೆಂಗಸು. ಯಾರ ಕುಂಚ ಬೇಕಾದ್ದಕ್ಕಿಂತ ಒಂದು ಸಲ ಹೆಚ್ಚು ಕಾಗದಕ್ಕಿಳಿದರೂ ಬೆನ್ನ ಹಿಂದೆ ಬಂದು “ಸಾಕಮ್ಮಾ” ಎನ್ನುತ್ತಿದ್ದರು. ನಿವೃತ್ತ ಬ್ಯಾಂಕ್ ಮ್ಯಾನೇಜರೊಬ್ಬರು ಬರುತ್ತಿದ್ದರು, ಅವರಿಗೆ “ಸಾಕಪ್ಪಾ.” ಹೀಗಾಗಿ ನಾವೆಲ್ಲ ಸೇರಿ ಅವರಿಗೆ ಸಾಕಮ್ಮ ಎಂದೇ ಹೆಸರಿಟ್ಟುಬಿಟ್ಟೆವು.

ಜಲವರ್ಣದಲ್ಲಿ ಬಿಳಿ ಬಣ್ಣ ಎಂಬುದೇ ಇಲ್ಲ ಎಂದು ಮೊದಲು ಹೇಳಿದವರು ಅವರು. ಕಾಗದವೇ ಬಿಳಿ. ಬೆಳಕು ಎಲ್ಲಿ ಬೀಳಬೇಕೋ ಅಲ್ಲಿ ಮೊದಲೇ ಜಾಗ ಬಿಟ್ಟುಕೊಳ್ಳಬೇಕು. ಒಮ್ಮೆ ಬಣ್ಣ ಬಿತ್ತೋ, ಆಮೇಲೆ ಅತ್ತು ಕರೆದರೂ ಆ ಬೆಳಕು ಹಿಂದೆ ಬರುವುದಿಲ್ಲ. “ಎಲ್ಲಾ ನೀವೇ ಹೇಳ್ಬೇಡಿ, ನೋಡೋರಿಗೂ ಸ್ವಲ್ಪ ಕೆಲಸ ಇರ್ಲಿ” ಎನ್ನುತ್ತಿದ್ದರು. ಮ್ಯಾನೇಜರು ಒಂದೊಂದು ಎಲೆಯನ್ನೂ ಬಿಡದೆ ಬರೆಯುವವರು, ಈ ಮಾತು ಕೇಳಿಯೂ ಇನ್ನು ನಾಲ್ಕು ಎಲೆ ಸೇರಿಸುತ್ತಿದ್ದರು. ನನಗೆ ಮಾತ್ರ ತವರಿಗೆ ಬಂದ ಹಾಗಾಯಿತು.

ಅಷ್ಟರಲ್ಲಿ ಗ್ರಂಥಾಲಯದ ಓದುವ ಕೋಣೆ ಹೊಸದಾಗುತ್ತಿತ್ತು. ಗೋಡೆಗಳಿಗೆಲ್ಲ ನಮ್ಮವರದೇ ಬಣ್ಣ, ತಿಳಿ ಕೆನೆಬಣ್ಣ, ಎರಡು ಕೋಟು. ಬಾಗಿಲಿಗೆ ಎದುರಾದ ಗೋಡೆಯ ಮೇಲೆ ಒಂದೇ ಒಂದು ಭೂದೃಶ್ಯ ತೂಗುಹಾಕುತ್ತಾರಂತೆ, ಕಾಯಂ ಆಗಿ. ತರಗತಿಯವರು ತಲೆಗೊಂದು ಚಿತ್ರವನ್ನು ಶನಿವಾರ ಮಧ್ಯಾಹ್ನದೊಳಗೆ ಕೊಡಬೇಕು, ಹೊರಗಿನ ಮೂವರು ನೋಡಿ ಒಂದನ್ನು ಆರಿಸುತ್ತಾರೆ. ಆ ಗೋಡೆ ನನಗೆ ಬೇಕಿತ್ತು. ಊರಿನ ಗೋಡೆಗಳೆಲ್ಲ ನಮ್ಮವರ ಪಾಲಾಗಿವೆ ಎಂಬ ಹೊಟ್ಟೆಕಿಚ್ಚಿನಿಂದಲೇ ಬೇಕಿತ್ತು ಅಂದುಕೊಳ್ಳಿ, ಸುಳ್ಳೇಕೆ. ನಾನು ಹೇಗೆ ಬಿಟ್ಟೆನೋ ಹಾಗೇ ಉಳಿಯುವ ಒಂದು ವಸ್ತು ಈ ಊರಿನಲ್ಲಿ ಎಲ್ಲಾದರೂ ಇರಬೇಕಿತ್ತು.

ಸೇತುವೆಯ ಕೆಳಗಿನ ನದಿಯನ್ನು ಮಂಜಿನಲ್ಲಿ ಬರೆದೆ. ಆಚೆ ದಡಕ್ಕೆ ಹಸಿ ಕಾಗದದ ಮೇಲೆ ಬೂದು ಹಸಿರಿನ ಒಂದೇ ಎಳೆತ, ನೀರಿನಲ್ಲಿ ನಾಲ್ಕು ಹಳೆಯ ಕಂಬ, ಕಟ್ಟಿದ ಒಂದು ದೋಣಿ. ಕೆಳಗೆಲ್ಲ ಖಾಲಿ ಕಾಗದ. ಅದೇ ನದಿ. ಸಾಕಮ್ಮ ತುಂಬ ಹೊತ್ತು ನೋಡಿ, “ಮನೆಗೆ ತಗೊಂಡು ಹೋಗಿ ಒಣಗಿಸಿ. ಇನ್ನೊಂದು ಸಲ ಕುಂಚ ತೋರಿಸಿದ್ರೆ ನನ್ನಾಣೆ” ಎಂದರು. ನಾನು ತೋರಿಸಲಿಲ್ಲ.

ಶುಕ್ರವಾರ ಸಂಜೆ ಅಂಗಡಿ ಮುಗಿಸಿ ಬಂದರೆ ನಮ್ಮವರು ಬಾಗಿಲಲ್ಲೇ ಕಾಯುತ್ತಿದ್ದರು. ಮುಖದಲ್ಲಿ ದೊಡ್ಡ ಕೆಲಸ ಮುಗಿಸಿದ ಕಳೆ.

“ಬಾ ಬಾ. ನಾನು ನೋಡ್ದೆ ಇದ್ದಿದ್ರೆ ನಾಳೆ ನಿನ್ನ ಮಾನ ಹೋಗ್ತಿತ್ತು.”

ಚಿತ್ರ ಊಟದ ಮೇಜಿನ ಮೇಲಿತ್ತು. ನದಿ ನೀಲಿಯಾಗಿತ್ತು. ನೀಲಿ ಎಂದರೆ ಬಚ್ಚಲಿನ ಬಕೆಟ್ಟಿನ ನೀಲಿ. ದಡದುದ್ದಕ್ಕೂ ಅಂಟುಪಟ್ಟಿ ಹಾಕಿ, ಅಂಚು ಕೂದಲೆಳೆಯಷ್ಟೂ ಆಚೀಚೆ ಆಗದ ಹಾಗೆ ಬಳಿದಿದ್ದರು. ಕಂಬಗಳ ನಡುವೆಯೂ ಬಳಿದಿದ್ದರು, ದೋಣಿಯ ಅಡಿಗೂ ಬಳಿದಿದ್ದರು. ಎರಡು ಕೋಟು ಎಂದು ಬೇರೆ ಹೇಳಬೇಕಾಗಿಲ್ಲ.

“ನದಿ ಬಿಟ್ಟುಹೋಗಿತ್ತು ಕಣೇ. ದಡ ಇದೆ, ದೋಣಿ ಇದೆ, ನೀರೇ ಇಲ್ಲ! ಶಾಲೆ ಗೋಡೆಗೆ ತಂದಿದ್ದು ಮಿಕ್ಕಿತ್ತು, ಒಳ್ಳೇ ಮಾಲು. ತೊಳೆದ್ರೂ ಹೋಗಲ್ಲ.”

ತೊಳೆದರೂ ಹೋಗಲ್ಲ ಎಂದು ಕೇಳಿ ನನ್ನ ಜೀವವೇ ಹೋಯಿತು.

“ನೀವು…” ಎಂದೆ.

“ಯಾಕೆ ತೊಂದ್ರೆ ತಗೊಂಡ್ರಿ ಅಂತ ತಾನೆ? ಹೆಂಡ್ತಿಗೆ ಮಾಡ್ದೆ ಇನ್ಯಾರಿಗೆ ಮಾಡ್ಲಿ?”

“ಅಲ್ಲ, ನೀವು ನನ್ನ…”

“ಕೇಳ್ಬೇಕಿತ್ತು ಅಂತೀಯಾ? ನೀನು ಅಂಗಡೀಲಿದ್ದೆ, ಸುಮ್ನೆ ಯಾಕೆ ನಿನ್ನ ಕರಿಯೋದು ಅಂತ…”

ಒಳಗಿನಿಂದ ಅತ್ತೆಯ ದನಿ ಬಂತು: “ಪಾಪ, ಖುಷಿಗೆ ಅವಳಿಗೆ ಮಾತೇ ಹೊರಡ್ತಿಲ್ಲ ಕಣೋ.”

ಅಷ್ಟು ವರ್ಷ ಹೊಟ್ಟೆಗೆ ಹಾಕಿಕೊಂಡದ್ದೆಲ್ಲ ಒಟ್ಟಿಗೆ ಗಂಟಲಿಗೆ ಬಂತು. “ಸುಮ್ನಿರಿ! ಇಬ್ರೂ!” ಎಂದು ಕಿರುಚಿದೆ. ಅತ್ತೆ ಕೈಯಲ್ಲಿ ಸೌಟು ಹಿಡಿದುಕೊಂಡೇ ಹೊರಗೆ ಬಂದರು. ಸೊಸೆಯ ಗಂಟಲಲ್ಲಿ ಇಂಥ ದನಿ ಇದೆ ಎಂದು ಅವರಿಗೆ ಗೊತ್ತಿರಲಿಲ್ಲ. ನನಗಾದರೂ ಎಲ್ಲಿ ಗೊತ್ತಿತ್ತು?

“ಅದು ಬಿಟ್ಟುಹೋಗಿದ್ದಲ್ಲ,” ಎಂದೆ. ನಿಂತೆ. ನಮ್ಮವರ ತುಟಿ ಅಲುಗಿತು, ನಾನು ಬೆರಳೆತ್ತಿದೆ. “ಬಿಟ್ಟಿದ್ದು.”

ಅವರು ಚಿತ್ರವನ್ನು ನೋಡಿದರು, ನನ್ನನ್ನು ನೋಡಿದರು.

“ಬೇಕು ಅಂತಾನೇ?”

“ಬೇಕು ಅಂತಾನೇ.”

ಕುರ್ಚಿ ಎಳೆದುಕೊಂಡು ಕೂತರು. ಮುಖದ ಕಳೆಯೆಲ್ಲ ಇಳಿದುಹೋಗಿತ್ತು. “ನಮ್ಮ ಕೆಲಸದಲ್ಲಿ ಜಾಗ ಬಿಟ್ರೆ ಮೈಗಳ್ಳ ಅಂತಾರೆ ಕಣೇ. ಅಷ್ಟು ಜನರ ಮುಂದೆ ನಿನ್ನ ಯಾರಾದ್ರೂ ಹಾಗಂದ್ರೆ ನನಗೆ ತಡ್ಕೊಳ್ಳೋಕಾಗಲ್ಲ. ಅದಕ್ಕೇ ನಾನು…” ಎಂದವರು ಅಲ್ಲಿಗೇ ನಿಲ್ಲಿಸಿದರು. ಅವರ ವಾಕ್ಯವೊಂದು ಅರ್ಧಕ್ಕೆ ನಿಂತದ್ದನ್ನು ಅವತ್ತೇ ಮೊದಲು ಕಂಡೆ. ನಾನು ತುಂಬಲು ಹೋಗಲಿಲ್ಲ. ಸೇಡು ಎಂದೇ ಇಟ್ಟುಕೊಳ್ಳಿ.

ಬೆಳಿಗ್ಗೆ ಎದ್ದು ಬಂದರೆ ನನ್ನ ಹಲಗೆ, ಕಾಗದ, ನೀರಿನ ಡಬ್ಬಿ ಎಲ್ಲವನ್ನೂ ಸ್ಕೂಟರಿಗೆ ಕಟ್ಟಿ ನಿಂತಿದ್ದರು.

“ಬರೋದಾದ್ರೆ ಬಾಯಿಗೆ ಅಂಟುಪಟ್ಟಿ ಹಾಕ್ಕೊಂಡು ಬನ್ನಿ,” ಎಂದೆ, ಮುಖ ಗಂಟಿಕ್ಕಿಕೊಂಡೇ.

ನಮ್ಮವರು ಜೇಬಿನಿಂದ ಸುರುಳಿ ತೆಗೆದು, ಅಳತೆಗೆ ಸರಿಯಾಗಿ ಹರಿದು, ನಿಜವಾಗಿಯೂ ಬಾಯಿಗೆ ಅಂಟಿಸಿಕೊಂಡರು. ಅತ್ತೆ ಬಾಗಿಲಲ್ಲಿ ಬಿದ್ದು ಬಿದ್ದು ನಕ್ಕರು. ನಾನು ಸ್ಕೂಟರ್ ಓಡಿಸಿದೆ, ಅವರು ಹಿಂದೆ ಕೂತರು. ದಾರಿಯುದ್ದಕ್ಕೂ ಜನ, ಈ ಹೆಂಗಸು ಯಾರನ್ನೋ ಕದ್ದುಕೊಂಡು ಹೋಗುತ್ತಿದ್ದಾಳೆ ಎಂಬಂತೆ ನಮ್ಮನ್ನೇ ನೋಡಿದರು.

ನದಿಯ ಬಳಿ ಹೋದರೆ ಮಂಜಿಲ್ಲ! ಸೂರ್ಯ ಆಗಲೇ ಮೇಲೆ ಬಂದು ನೀರು ಕಣ್ಣು ಕೋರೈಸುತ್ತಿತ್ತು. ಹಳೆಯ ಚಿತ್ರವನ್ನೇ ಮತ್ತೆ ಬರೆದುಬಿಡುತ್ತೇನೆ ಎಂದುಕೊಂಡು ಬಂದಿದ್ದೆ. ಅಳುವುದಕ್ಕೂ ಪುರುಸೊತ್ತಿರಲಿಲ್ಲ. ದಡದ ಮೆಟ್ಟಿಲ ಮೇಲೆ ಕೂತು ಸುಮ್ಮನೆ ನೀರನ್ನು ನೋಡಿದೆ. ಎಲ್ಲಿ ಕಣ್ಣು ಕುಕ್ಕುತ್ತದೋ ಅಲ್ಲಿ ಏನೂ ಬೇಡ, ಎಲ್ಲಿ ಕಣ್ಣಿಗೆ ತಂಪೋ ಅಲ್ಲಿ ಮಾತ್ರ ಬಣ್ಣ. ಅಷ್ಟು ಹೊಳೆದದ್ದೇ ತಡ, ದೊಡ್ಡ ಕುಂಚ ಎತ್ತಿಕೊಂಡೆ.

ಕಾಗದದ ಮೇಲ್ಭಾಗ ಒದ್ದೆ ಮಾಡಿ ಆಚೆ ದಡವನ್ನು ಒಂದೇ ಉಸಿರಿಗೆ ಎಳೆದೆ, ಮರಗಳು ತಾವೇ ಹಬ್ಬಿಕೊಂಡವು. ಸೇತುವೆಯ ನೆರಳಿಗೆ ಒಣ ಕುಂಚವನ್ನು ಅಡ್ಡ ಮಲಗಿಸಿ ಸರ್ರನೆ ಎಳೆದೆ. ಕಾಗದದ ಒರಟಿಗೆ ಬಣ್ಣ ಅಲ್ಲಲ್ಲಿ ತಾಗಿ, ಅಲ್ಲಲ್ಲಿ ಬಿಟ್ಟು, ಬಿಳಿ ಚುಕ್ಕಿಗಳು ಉಳಿದವು. ದೋಣಿಗೆ ಗಾಢವಾದ ಒಂದು ಎಳೆತ, ಅದರ ಅಂಚಿನಲ್ಲಿ ಬಿಸಿಲಿಗೆಂದು ಬಿಟ್ಟ ಒಂದು ಗೆರೆ. ಅಷ್ಟೇ. ಕೆಳಗೆ ಅಂಗೈ ಅಗಲದಷ್ಟಲ್ಲ, ಅರ್ಧ ಕಾಗದವೇ ಖಾಲಿ.

ಆಗ ನನಗೆ ಭಯ ಹತ್ತಿತು. ಮೈಗಳ್ಳ ಎಂಬ ಮಾತು ಕಿವಿಯಲ್ಲೇ ಕೂತಿತ್ತು. ಮ್ಯಾನೇಜರ ಚಿತ್ರದಲ್ಲಿ ನೀರೊಳಗಿನ ಮೀನು ಕೂಡ ಕಾಣುತ್ತದೆ, ನನ್ನದರಲ್ಲಿ ನೀರೇ ಇಲ್ಲ ಎಂದರೆ? ಸ್ವಲ್ಪವೇ ಸ್ವಲ್ಪ ನೀಲಿ, ಒಂದೆರಡು ಅಲೆ, ಯಾರೂ ಏನೂ ಅನ್ನದಿರುವಷ್ಟು. ಕುಂಚ ನೀಲಿಯಲ್ಲಿ ಅದ್ದಿಯೂ ಆಗಿತ್ತು, ಕೈ ಕಾಗದದ ಮೇಲೆ ಬಂದೂ ಆಗಿತ್ತು. ಗಂಡ, ಅತ್ತೆ, ಮೂವರು ತೀರ್ಪುಗಾರರು, ಇಡೀ ಊರು ಸೇರಿಕೊಂಡು ನನ್ನ ಕೈಯಿಂದಲೇ ನನ್ನ ಮಾತು ಮುಗಿಸಲು ಹೊರಟಿದ್ದರು.

“ಸಾಕಮ್ಮಾ,” ಎಂದೆ, ನನಗೆ ನಾನೇ, ಜೋರಾಗಿ. ಕುಂಚವನ್ನು ಡಬ್ಬಿಯಲ್ಲಿ ಜಾಲಾಡಿಬಿಟ್ಟೆ.

ಹಿಂದೆ ಸದ್ದಾಯಿತು. ನಮ್ಮವರು ಬಳಿದ ಗೋಡೆ ನೋಡುವಾಗ ಮಾಡುವ ಹಾಗೆ ಹಿಂದಕ್ಕೆ ಹೆಜ್ಜೆ ಹಾಕುತ್ತಿದ್ದರು. ಮೆಟ್ಟಿಲ ತುದಿಗೆ ಹೋಗಿ, ತಲೆ ವಾಲಿಸಿ, ಒಂದು ಕಣ್ಣು ಮುಚ್ಚಿ ನೋಡಿದರು. ಬಾಯಿಯ ಪಟ್ಟಿಯನ್ನು ಚರ್ರನೆ ಕಿತ್ತರು. ಮೀಸೆಯ ನಾಲ್ಕು ಕೂದಲೂ ಜೊತೆಗೆ ಬಂದವು, ಅದರ ಪರಿವೆಯೇ ಇರಲಿಲ್ಲ.

“ನೀರು ಬಂತಲ್ಲೇ!” ಎಂದು ಕೂಗಿದರು. “ಏನೂ ಹಾಕೇ ಇಲ್ಲ, ಹರೀತಿದೆ ನೋಡೇ!”

ಸೇತುವೆಯ ಮೇಲೆ ಹೋಗುತ್ತಿದ್ದವರೆಲ್ಲ ನಲ್ಲಿಯಲ್ಲಿ ನೀರು ಬಂತೇನೋ ಎಂದು ತಿರುಗಿ ನೋಡಿದರು. ನನಗೆ ನಗುವೂ ಬಂತು, ಕಣ್ಣೀರೂ ಬಂತು. ನಿನ್ನೆಯ ಕೋಪದಲ್ಲಿ ಅರ್ಧ ಅಲ್ಲೇ ಕರಗಿತು. ಉಳಿದರ್ಧವನ್ನು ಮುಂದಕ್ಕೆ ಬೇಕಾಗಬಹುದು ಎಂದು ಇಟ್ಟುಕೊಂಡಿದ್ದೇನೆ.

ಮಧ್ಯಾಹ್ನದೊಳಗೆ ಚಿತ್ರ ಕೊಟ್ಟು ಬಂದೆವು. ಮುಂದಿನ ವಾರ ಓದುವ ಕೋಣೆ ತೆರೆದಾಗ ಬಾಗಿಲಿಗೆ ಎದುರಾದ ಗೋಡೆಯ ಮೇಲೆ ತೂಗುತ್ತಿದ್ದದ್ದು ನನ್ನ ನದಿ! ಸುತ್ತ ನಮ್ಮವರು ಬಳಿದ ಕೆನೆಬಣ್ಣದ ಗೋಡೆ, ನಡುವೆ ಒಂದೇ ಚೌಕಟ್ಟು. ಯಾರೋ ದಪ್ಪ ಕನ್ನಡಕದವರು, “ಪಾಪ, ಮುಗಿಸೋಕೆ ಪುರುಸೊತ್ತಾಗಿಲ್ಲ ಅನ್ಸತ್ತೆ” ಎಂದರು. ನಮ್ಮವರ ಕತ್ತು ಸಟ್ಟನೆ ತಿರುಗಿತು. ಜಗಳ ತೆಗೆಯುತ್ತಾರೆಂದು ನಾನು ಕಣ್ಣು ಮುಚ್ಚಿಕೊಂಡೆ. ಅವರು ಆ ಮನುಷ್ಯನ ಮೊಣಕೈ ಹಿಡಿದು ಬಾಗಿಲವರೆಗೆ ಹಿಂದಕ್ಕೆ ನಡೆಸಿಕೊಂಡು ಹೋಗಿ, “ಈಗ ನೋಡಿ ಸ್ವಾಮಿ” ಎಂದರು. ಕನ್ನಡಕದವರು ನೋಡಿದರು. “ಅರೆ!” ಎಂದರು. ಆಮೇಲೆ ತಮ್ಮ ಹೆಂಡತಿಯನ್ನೂ ಕರೆದು ಅಲ್ಲೇ ನಿಲ್ಲಿಸಿದರು.

ಗ್ರಂಥಪಾಲಕರು ಎರಡು ಮಾತಾಡಿ ಎಂದು ನನ್ನನ್ನು ಮುಂದೆ ಕರೆದರು. ಕುರ್ಚಿಗಳೆಲ್ಲ ತುಂಬಿದ್ದವು.

“ಈ ಚಿತ್ರದಲ್ಲಿ ನದೀನ ನಾನು…” ಎಂದೆ. ನಿಂತೆ. ಪದ ಇನ್ನೂ ದಾರಿಯಲ್ಲಿತ್ತು.

“ಬಹಳ ಇಷ್ಟಪಟ್ಟು ಬರೆದೆ ಅಂತ…” ಎಂದರು ಗ್ರಂಥಪಾಲಕರು, ಮೆತ್ತಗೆ.

“ಕಷ್ಟಪಟ್ಟು…” ಎಂದಿತು ಮುಂದಿನ ಸಾಲು. ಅತ್ತೆಯೂ ಬಾಯಿ ತೆರೆದರು.

ಆಗ ನಮ್ಮವರು ಎದ್ದುನಿಂತರು. ನನ್ನ ಮುಂದೆ ಬಂದು, ಜನರತ್ತ ತಿರುಗಿ, ಎರಡೂ ಕೈ ಅಗಲಕ್ಕೆ ಚಾಚಿದರು.

“ಇರಿ, ಇರಿ. ಇನ್ನೂ ಹಸಿ ಇದೆ. ಯಾರೂ ಮುಟ್ಬೇಡಿ.”

ಕೋಣೆ ಗೊಳ್ಳೆಂದು ನಕ್ಕಿತು. ಆಮೇಲೆ ಸುಮ್ಮನಾಯಿತು. ಅಷ್ಟೂ ಜನ ಕಾದರು, ಅತ್ತೆ ಕೂಡ. ನಾನು ನನಗೆ ಬೇಕಾದಷ್ಟು ಹೊತ್ತು ತೆಗೆದುಕೊಂಡೆ.

“…ಬರೆದಿಲ್ಲ,” ಎಂದೆ. “ಜಾಗ ಬಿಟ್ಟೆ. ಅದೇ ಬಂತು.”

ಚಪ್ಪಾಳೆ ನಿಂತ ಮೇಲೆ ಕೊನೆಯ ಸಾಲಿನಿಂದ ಒಂದು ದನಿ ಕೇಳಿಸಿತು.

“ಸಾಕಮ್ಮಾ.”

ನಾನು ಹೋಗಿ ನಮ್ಮವರ ಪಕ್ಕ ಕೂತೆ.