ಮೂಲೆ ಹರಿದ ಬಾವುಟ

ಹತ್ತಿ ಎಲೆಯ ಮೇಲೆ ಹನಿ, ಇಬ್ಬನಿಯಲ್ಲ, ನಾಲಿಗೆ ಸುಡುವ ಔಷಧಿ, ಒಂದೊಂದು ಹನಿಯಲ್ಲೂ ಚೂರು ಬಿಸಿಲು, ಇಷ್ಟು ಚಂದ ಯಾಕಿರಬೇಕು ಇದು, ಈಗ — ಓಬಮ್ಮ, ಇಲ್ಲಿ ನೋಡು ನನ್ ಕಡೆ, ಅನ್ನುತ್ತಿದ್ದಾನೆ ಮ್ಯಾನೇಜರ್ ನಾಗರಾಜಪ್ಪ, ನೋಡುತ್ತಲೇ ಇದ್ದೇನಲ್ಲ, ಅವನ ಹಣೆಗೆ ಇವತ್ತೂ ನಿನ್ನೆಯ ಆಯುಧಪೂಜೆಯ ಕುಂಕುಮ, ಬೆವರಿಗೆ ಮೂಗಿನವರೆಗೆ ಇಳಿದಿದೆ, ಅವನ ಬೆನ್ನ ಹಿಂದೆ ವಿಮಾನ ಮೂತಿ ಊರಿ ಬಿದ್ದಿದೆ, ಅದರ ಅಡಿಯಲ್ಲಿ ನನ್ನ ತಮ್ಮ ಸಣ್ಣಪ್ಪ, ಅಡಿಯಲ್ಲಿ ಅಂದರೆ — ಇಲ್ಲ, ಕೈ ಮಾತ್ರ ಕಾಣುತ್ತದೆ, ಮುಷ್ಟಿ, ಕೋಲು, ಕೆಂಪು ಬಾವುಟ, ಅದರ ಒಂದು ಮೂಲೆ ಹರಿದಿದೆ.

ಹೊಲದ ಈ ತುದಿಗೆ ನಾನು, ಆ ತುದಿಗೆ ಅವನು, ಬಾವುಟ ಎತ್ತಿ ನಿಂತರೆ ಆ ನೇರಕ್ಕೆ ವಿಮಾನ ಔಷಧಿ ಹೊಡೆದುಕೊಂಡು ಹೋಗುತ್ತದೆ, ತಲೆ ಮ್ಯಾಲೆ ದಾಟೋಗಂಟ ಗೂಟದ ಹತ್ರಿಂದ ಕದಲಬ್ಯಾಡ್ರಿ ಅಂದವನು ಇದೇ ನಾಗರಾಜಪ್ಪ, ಸಣ್ಣಪ್ಪನಿಗೋ ಅದೊಂದು ಗತ್ತು, ಅಕ್ಕಾ, ನಾನು ಬಾವುಟ ಎತ್ತಿದ್ರೆ ಇಮಾನನೇ ಬರ್ತೈತೆ, ಭಾವ ಕೂಗಿದ್ರೆ ಮನೆ ನಾಯಿನೂ ಬರಲ್ಲ, ಬೆಳಿಗ್ಗೆ ರೊಟ್ಟಿ ಕಚ್ಚುತ್ತಾ ಅಂದ, ನಕ್ಕೆ, ಬಾಯಲ್ಲಿ ಆ ರೊಟ್ಟಿ ಇನ್ನೂ ಇದೆಯೇನೋ ಅವನಿಗೆ.

ಮೂಲೆ ಹರಿದವನು ಮೆಕ್ಯಾನಿಕ್ ಪಂಚಾಕ್ಷರಪ್ಪ, ಮೊನ್ನೆ, ನನ್ನೆದುರಿಗೇ, ಬಲಗಡೆ ಟ್ಯಾಂಕಿಗೆ ತಿರುಗ್ಸೋ ಕೀಲಿ ಹಿಡ್ಕಂಡೈತೆ ಸಾರ್, ಪೆಟ್ರೋಲ್ ಬಿಡ್ತಿಲ್ಲ, ಸಾಮಾನು ಬೆಂಗಳೂರಿಂದ ತರ್ಬೇಕು, ಆಮ್ಯಾಕೆ ನೋಡಾಣ, ಅಂದ ನಾಗರಾಜಪ್ಪ, ಎಡಗಡೆದು ಐತಲ್ಲ, ಹಾರ್ಲಿ, ಕೆಟ್ಟೈತೆ ಅಂತ ಗುರ್ತಿಗೆ ಏನ್ ಮಾಡ್ಲಿ ಸಾರ್, ಏನಾರ ಕಟ್ಟಯ್ಯ — ಏನಾರ, ಇದೇ ಇವರ ಕಾನೂನು, ಯಾರಿಗೆ ಹೇಳಬೇಕು, ಹಾರಿಸುವವನಿಗೆ ಯಾರು ತಿಳಿಸಬೇಕು, ಒಂದೂ ಇಲ್ಲ, ಸಣ್ಣಪ್ಪನ ಬಾವುಟದ ಮೂಲೆ ಪರ್ ಅಂತ ಹರಿದ, ಕೀಲಿಗೆ ಸುತ್ತಿದ, ನಿನ್ನೆ ಪೂಜೆ, ಟ್ರ್ಯಾಕ್ಟರಿಗೆ, ಪಂಪಿಗೆ, ವಿಮಾನದ ರೆಕ್ಕೆಗೆ, ಕಂಡಕಂಡಲ್ಲೆಲ್ಲ ಕೆಂಪು ಬಟ್ಟೆ ಕಟ್ಟಿಸಿದ ನಾಗರಾಜಪ್ಪ, ಕುಂಬಳಕಾಯಿ ಒಡೆಸಿದ, ಇವತ್ತು ನಸುಕಿಗೇ ಪಂಚಾಕ್ಷರಪ್ಪನನ್ನು ಸಾಮಾನು ತರಲು ಬಸ್ಸು ಹತ್ತಿಸಿದ, ರಜೆ ಮುಗಿಸಿ ಬಂದ ಪೈಲಟ್ ಕೆಂಪು ಬಟ್ಟೆಗಳ ನಡುವೆ ಇನ್ನೊಂದು ಕೆಂಪು ಬಟ್ಟೆ ನೋಡಿದ, ಕೈ ಮುಗಿದ, ಹತ್ತಿ ಕೂತ. ಹೊಲದ ನಡುವೆ ಎಡಗಡೆ ಟ್ಯಾಂಕು ಖಾಲಿ, ಕೀಲಿ ಬಲಗಡೆಗೆ ತಿರುಗಿಸಿದ, ತಿರುಗಲಿಲ್ಲ, ಸದ್ದು ನಿಂತಿತು — ಆ ನಿಶ್ಶಬ್ದ, ಅಯ್ಯೋ, ಆ ನಿಶ್ಶಬ್ದ. ಬದುವಿನ ಮೇಲೆ ಹಣೆಯೊಡೆದು ಕೂತ ಪೈಲಟ್ ಒಂದನ್ನೇ ಬಡಬಡಿಸುತ್ತಿದ್ದಾನೆ, ಪೂಜೆದು ಅಂದ್ಕೊಂಡೆ ಕಣ್ರಿ, ಪೂಜೆದು ಅಂದ್ಕೊಂಡೆ.

ಓಡೋ ಅಂತ ಕೂಗಿದೆನೇ ನಾನು, ಗಂಟಲು ಉರಿಯುತ್ತಿದೆ, ಕೂಗಿರಬೇಕು, ಅವನು ಕದಲಲಿಲ್ಲ, ತಲೆ ಮೇಲೆ ದಾಟುತ್ತದೆ ಅಂತ ನಂಬಿ ನಿಂತ, ಗೂಟ ಅಲ್ಲೇ ಇದೆ, ಗೂಟದ ಪಕ್ಕ ಎರೆಮಣ್ಣಿನಲ್ಲಿ ಅವನ ಹಿಮ್ಮಡಿ ಊರಿದ ಗುರುತು — ಓಬಮ್ಮ, ಪೊಲೀಸ್ರು ಕೇಳಿದ್ರೆ ನಿನ್ ತಮ್ಮ ಜಾಗ ಬಿಟ್ಟು ಅಡ್ಡ ಓಡಿಬಂದ ಅಂತ ಹೇಳ್ಬಿಡವ್ವ, ನಿನ್ ಕೆಲ್ಸ ಉಳಿತೈತೆ, ಹೋದೋನಿಗೆ ಅದ್ರಿಂದ ಏನ್ ಹೋಗ್ತೈತೆ, ಏನು ಹೋಗುತ್ತದೆ, ನಿಂತಿದ್ದ ಅನ್ನುವುದು ಹೋಗುತ್ತದೆ ಕಣೋ, ನಿಂತಿದ್ದ ಅವನು, ನೀನು ನಿಲ್ಲು ಅಂದಲ್ಲೇ ನಿಂತಿದ್ದ, ಹಿರಿಯೂರು ರಸ್ತೆಯಲ್ಲಿ ಜೀಪಿನ ಧೂಳು ಏಳುತ್ತಿದೆ, ಲೇ ಕಾಟಪ್ಪ, ಬ್ಯಾಗನೆ ಆ ಬಾವುಟ ಕಿತ್ಕಳಲೇ, ಆಳು ಕಾಟಪ್ಪ ಬಗ್ಗುತ್ತಾನೆ, ಒಂದು ಬೆರಳು ಎಬ್ಬಿಸುತ್ತಾನೆ, ಬಿಡುತ್ತಾನೆ, ಬರ್ತಿಲ್ಲ ಸಾರ್, ಬರುವುದಿಲ್ಲ, ನೋಡಲಿ ಜೀಪಿನವರು, ನಾನೇ ತೋರಿಸುತ್ತೇನೆ, ಗೂಟ, ಗೂಟದ ಪಕ್ಕ ಮುಷ್ಟಿ, ಮುಷ್ಟಿಯಲ್ಲಿ ಬಾವುಟ, ಮೂಲೆ ಹರಿದದ್ದು, ಆ ಮೂಲೆ ಇನ್ನೂ ಕೀಲಿಗೆ ಸುತ್ತಿದೆ, ಮುಷ್ಟಿ ಬಿಚ್ಚುತ್ತಿಲ್ಲ, ಬಾವುಟ, ಮೂಲೆ ಹರಿದದ್ದು, ಮುಷ್ಟಿ —