ಬೆನ್ನಿಗೆ ಗುಂಡಿ ಇಟ್ಟ ಅಂಗಿ

“ಥೂ! ಹಲ್ಲೆಲ್ಲ ಉದುರಿದ ಮೇಲೂ ಇವಳಿಗೆ ಗಂಡಸಿನ ಮಗ್ಗುಲು ಬೇಕಂತೆ!”

ಮೇಲ್ವಿಚಾರಕಿ ಹೊದಿಕೆ ಕಿತ್ತೆಸೆದಳು. ವೃದ್ಧಾಶ್ರಮದ ಮರೆವಿನವರ ವಾರ್ಡಿನಲ್ಲಿ, ಟೀಚರಮ್ಮನ ಕೋಣೆಯ ಕಿರಿದಾದ ಮಂಚದಲ್ಲಿ ಅವರೂ ಟೈಲರಜ್ಜನೂ ಕೈ ಕೈ ಹಿಡಿದು ಮಲಗಿದ್ದರು. ಮೈಮೇಲಿನ ಬಟ್ಟೆ ಕದಲಿರಲಿಲ್ಲ. ಅಷ್ಟಕ್ಕೇ ಮೇಲ್ವಿಚಾರಕಿಗೆ ಆಕಾಶ ಕಳಚಿ ಬಿದ್ದಿತ್ತು. ಹಿಂದೆ ನಿಂತ ನರ್ಸುಗಳು, “ಲಗ್ನ ಯಾವಾಗ ಅಜ್ಜಿ?” ಎಂದು ಕಿಸಕ್ಕನೆ ನಕ್ಕರು.

“ಏನೇ ಆಯಾ, ಬಾಯಿ ಬಿಟ್ಕೊಂಡು ನಿಂತಿದೀಯಾ? ಮುದುಕಿಗೆ ಹಿಂದೆ ಗುಂಡಿ ಇರೋ ಅಂಗಿ ತೊಡಿಸು. ಮುದುಕನ್ನ ಕೆಳಗಿನ ವಾರ್ಡಿಗೆ ಸಾಗಹಾಕು. ಇವಳ ಮಗ ಬಂದು ನೋಡಿದ್ರೆ ನನ್ನ ಮಾನ ಹೋಗತ್ತೆ.”

ಕತ್ತಿನಿಂದ ಪಾದದವರೆಗೆ ಒಂದೇ ತುಂಡಿನ ಅಂಗಿ ಅದು. ಗುಂಡಿಗಳೆಲ್ಲ ಬೆನ್ನಿಗೆ, ತೊಟ್ಟವರ ಕೈಗೆ ಎಟುಕದ ಹಾಗೆ. ತುರಿಸಿದರೂ, ಒದ್ದೆಯಾದರೂ ಇನ್ನೊಬ್ಬರ ಮುಖ ನೋಡುತ್ತ ಕೂರಬೇಕು. ಮಾನವಂತರು ಕಂಡುಹಿಡಿದ ಉಡುಪು!

ಆಯಾಳಿಗೆ ಮೈಯೆಲ್ಲ ಉರಿಯಿತು. ಮೊನ್ನೆ ಸ್ನಾನ ಮಾಡಿಸುವಾಗ ಇದೇ ವಾರ್ಡಿನ ಜಡ್ಜ್ ಸಾಹೇಬರು ಅವಳ ಎದೆಗೆ ಕೈ ಹಾಕಿ ಹಿಂಡಿದ್ದರು. ಅಳುತ್ತ ಹೇಳಿಕೊಂಡರೆ ಇದೇ ಮೇಲ್ವಿಚಾರಕಿ, “ಪಾಪ, ಮರೆವಿನ ಕಾಯಿಲೆ ಕಣೇ. ದೊಡ್ಡ ಮನುಷ್ಯರು, ಸಹಿಸ್ಕೋ” ಎಂದು ಸಾಗಹಾಕಿದ್ದಳು.

“ಮೇಡಂ, ಜಡ್ಜ್ ಸಾಹೇಬರಿಗೆ ಯಾವ ಅಂಗಿ ತೊಡಿಸ್ಲಿ?”

“ಬಾಯಿ ಮುಚ್ಚೇ ಬೋಸುಡಿ! ಹೇಳಿದ್ದು ಮಾಡು, ಇಲ್ಲಾಂದ್ರೆ ನಾಳೆಯಿಂದ ಬರಬೇಡ.”

ಅವರೆಲ್ಲ ಹೋದರು. ಆಯಾ ಹೊಟ್ಟೆಪಾಡಿಗೆ ಹೆದರಿ ಅಂಗಿ ತೊಡಿಸಿದಳು. ತನ್ನ ಮೇಲೇ ಅವಳಿಗೆ ಹೇಸಿಗೆಯಾಯಿತು. ಟೀಚರಮ್ಮ ಕೈಗಳನ್ನು ಹಿಂದಕ್ಕೆ ತಿರುಚಿ ತಿರುಚಿ ಸೋತರು.

“ಬಿಚ್ಚೇ ನಮ್ಮಮ್ಮ. ನಾನೇನು ತಪ್ಪು ಮಾಡ್ದೆ?”

ಕೆಳಗಿನ ವಾರ್ಡಿಗೆ ಒಯ್ಯಲೆಂದು ಕುರ್ಚಿಯಲ್ಲಿ ಕೂರಿಸಿದ್ದ ಟೈಲರಜ್ಜ ಎದ್ದು ಬಂದು ಆ ಬೆನ್ನಿನ ಹೊಲಿಗೆಯ ಮೇಲೆ ಬೆರಳಾಡಿಸಿದ. ತನ್ನ ಹೆಸರು ಮರೆತವನಿಗೆ ಕಸುಬು ಮರೆತಿರಲಿಲ್ಲ.

“ಯಾವ ಕತ್ತೆ ಹೊಲಿದಿದ್ದು ಇದನ್ನ? ಹೆಣ್ಮಕ್ಕಳ ಬಟ್ಟೆ ಹಿಂಗಾ ಹೊಲಿಯೋದು? ಕತ್ತರಿ ಕೊಡಮ್ಮ, ಸರಿ ಮಾಡ್ತೀನಿ. ಈಯಮ್ಮ ಕಾಯ್ತಾ ಇದಾರೆ.”

ಆಯಾ ಬ್ಯಾಂಡೇಜಿನ ಕತ್ತರಿಯನ್ನು ಅವನ ಕೈಗಿಟ್ಟು, ಹೊರಗೆ ಬಂದು ಬಾಗಿಲೆಳೆದುಕೊಂಡು ಅಡ್ಡ ನಿಂತಳು.

ಮೇಲ್ವಿಚಾರಕಿ ದಡದಡ ಬಂದಳು. “ಆಯ್ತೇನೇ?”

“ಅಂಗಿ ಸರಿ ಇಲ್ವಂತೆ. ಟೈಲರಜ್ಜ ಗುಂಡಿ ಕೀಳ್ತಾ ಇದಾರೆ.”

“ಏನಂದೆ? ಜರುಗೇ ಆಚೆ!”

“ಬಾಗಿಲು ತಟ್ಟಿ ಮೇಡಂ,” ಎಂದಳು ಆಯಾ, ಜರುಗದೆ. “ಟೀಚರಮ್ಮ ಬಾ ಅಂದ್ರೆ ಒಳಗೆ ಹೋಗೀರಂತೆ.”