ಹನ್ನೆರಡನೆಯ ಗುಡ್ಡೆ

ಬಲೆ ದಡಕ್ಕೆ ಬರುವಷ್ಟರಲ್ಲಿ ಬಿಸಿಲು ಚರ್ಚಿನ ಗೋಪುರ ದಾಟಿತ್ತು. ಬಂಗಡೆ ಚೆನ್ನಾಗಿಯೇ ಬಿದ್ದಿತ್ತು. ಆದರೂ ಯಾರ ಮುಖದಲ್ಲೂ ಗೆಲುವಿರಲಿಲ್ಲ. ಯಾಗಪ್ಪನ್ ಮರಳ ಮೇಲೆ ಮೀನು ಗುಡ್ಡೆ ಹಾಕುತ್ತಾ ಬಂದವನು ಹನ್ನೊಂದಕ್ಕೆ ನಿಲ್ಲಿಸಿ ಲುಂಗಿಗೆ ಕೈ ಒರೆಸಿಕೊಂಡ.

ಇನ್ನಾಸಿ ಎಣಿಸಿದ. ನಂಬಿಕೆಯಾಗದೆ ಮತ್ತೊಮ್ಮೆ ಎಣಿಸಿದ.

"ಇನ್ನೊಂದೆಲ್ಲೋ?"

"ಯಾರಿಗೆ ಮಾಮಾ ಇನ್ನೊಂದು? ಹಗ್ಗ ಎಳೆದೋರು ಹನ್ನೊಂದೇ ಜನ."

ಆ ಬಲೆಗೆ ಪಾಲುದಾರರು ಹನ್ನೆರಡು. ಹನ್ನೆರಡನೆಯವನು ಸೂಸೈ. ಎರಡು ತಿಂಗಳ ಹಿಂದೆ ದೋಣಿ ಅಲೆಗೆ ಮಗುಚಿ ಅವನ ಸೊಂಟದ ಮೇಲೆ ಬಿದ್ದಿತ್ತು. ಇನ್ನು ಎದ್ದು ಓಡಾಡುವ ಆಸೆ ಬೇಡ ಎಂದು ನಾಗರಕೋವಿಲಿನ ಡಾಕ್ಟರು ಹೇಳಿ ಕಳಿಸಿದ್ದು ನಿನ್ನೆ. ಅಲ್ಲಿಯವರೆಗೂ ಅವನ ಪಾಲು ತಪ್ಪಿರಲಿಲ್ಲ; ಇವತ್ತಿಗಾಗಲೇ ಗುಡ್ಡೆ ಒಂದು ಕಡಿಮೆ. ಇನ್ನೊಬ್ಬರ ಕೆಟ್ಟ ಸುದ್ದಿ ಕೆಲವರಿಗೆ ಅದೆಷ್ಟು ಬೇಗ ಅರಗುತ್ತದೋ!

"ನಾವು ಹನ್ನೆರಡು ಜನ ಯಾತಕ್ಕೆ ಸೇರಿದ್ವಿ ಹೇಳು," ಎಂದ ಯಾಗಪ್ಪನ್. "ಪ್ರೀತಿ ಉಕ್ಕಿ ಬಂತು ಅಂತಾನಾ? ಒಬ್ಬನ ಕೈಲಿ ಬಲೆ ಬರಲ್ಲ ಅಂತ. ಅವನಿಂದ ನಂಗೆ ಉಪಯೋಗ, ನನ್ನಿಂದ ಅವನಿಗೆ. ಈಗ ಸೂಸೈ ಕಡೆಯಿಂದ ಏನು ಬರುತ್ತೆ? ಪಾಪ ಅಂತ ಭಾನುವಾರ ನಾಲ್ಕು ಮೀನು ಕೊಡೋಣ, ನಾನೇನು ಬೇಡ ಅಂದ್ನಾ?"

ಉಳಿದವರು ಬಲೆಯ ಕಸ ಆರಿಸತೊಡಗಿದರು. ಪಾಲು ಬೇರೆ, ಭಿಕ್ಷೆ ಬೇರೆ ಎಂದು ಅವರಿಗೆ ಗೊತ್ತಿಲ್ಲದ್ದೇನಲ್ಲ.

ಹೆಸರು ಕೂಗುವುದು ಇನ್ನಾಸಿಯ ಕೆಲಸ. ಅವನು ಗುಡ್ಡೆಗಳಿಗೆ ಬೆನ್ನು ಹಾಕಿ ನಿಲ್ಲಬೇಕು. ಹಿಂದಿನಿಂದ ಒಬ್ಬ ಒಂದು ಗುಡ್ಡೆ ಮುಟ್ಟಿ 'ಇದು ಯಾರ್ದು?' ಎಂದಾಗ ಬಾಯಿಗೆ ಬಂದ ಹೆಸರು ಹೇಳಬೇಕು. ಕೂಗಿದ ಹೆಸರನ್ನು ಹಿಂದಕ್ಕೆ ತೆಗೆದುಕೊಳ್ಳುವ ರೂಢಿ ಅಜ್ಜಂದಿರ ಕಾಲದಿಂದಲೂ ಇಲ್ಲ. ಹೀಗಾಗಿ ಗುಡ್ಡೆ ಹಾಕುವವನು ಎಂಥ ಜುಗ್ಗನಾದರೂ ಎಲ್ಲವನ್ನೂ ಸಮ ಮಾಡಿಯೇ ಹಾಕುತ್ತಿದ್ದ. ಚಿಕ್ಕದು ತನ್ನ ತಲೆಗೇ ಬಂದರೆ?

ಇನ್ನಾಸಿ ಬೆನ್ನು ಹಾಕಿ ನಿಂತ. ಅವನಿಗೆ ಅರವತ್ತೆಂಟು. ಹಗ್ಗ ಹಿಡಿದರೆ ಈಚೆಗೆ ಎಳೆಯುವುದಕ್ಕಿಂತ ಜೋತುಬೀಳುವುದೇ ಹೆಚ್ಚು. ಯಾರೂ ಬಾಯಿಬಿಟ್ಟು ಅಂದಿರಲಿಲ್ಲ, ಅಷ್ಟೆ. ಎದುರಿಗೆ ತಾಳೆಮರಗಳ ಸಾಲು, ಅದರಾಚೆ ಸೂಸೈಯ ಗುಡಿಸಲು. ಹಿಂದೆ ಯಾಗಪ್ಪನ್ ಒಂದು ಗುಡ್ಡೆ ಮುಟ್ಟಿದ.

"ಇದು ಯಾರ್ದು?"

"ಸೂಸೈದು."

ಯಾಗಪ್ಪನ್ ಗುಡ್ಡೆಯಿಂದ ಕೈ ಎತ್ತಿದ.

"ಮಾಮಾ, ಮರೆತು ಕೂಗಿದ್ರೆ ಹೋಗ್ಲಿ. ವಾಪಸ್ ತಗೋ."

"ಮರೀಲಿಲ್ಲ. ಮುಂದಿನದು ಮುಟ್ಟು."

"ಮುಟ್ಟಿದ್ರೆ ಕೊನೇಲಿ ಒಬ್ಬನಿಗೆ ಗುಡ್ಡೇನೇ ಇರಲ್ವಲ್ಲ!"

"ಇರಲ್ಲ."

"ಯಾರಿಗೆ?"

"ನಂಗೇನು ಗೊತ್ತು? ಯಾವ ಹೆಸರು ಬಾಯಿಗೆ ಕೊನೇಲಿ ಬರುತ್ತೋ ಅವನಿಗೆ. ನಿಂಗೇ ಆಗಬಹುದು, ನಂಗೇ ಆಗಬಹುದು. ಮುಟ್ಟಯ್ಯಾ, ಬಿಸಿಲೇರ್ತಿದೆ. ಮೀನು ಕೆಡುತ್ತೆ."

ಯಾಗಪ್ಪನ್ ಮುಟ್ಟಲಿಲ್ಲ. ಹತ್ತು ಗುಡ್ಡೆ, ಹನ್ನೊಂದು ಜನ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಗ ಸವರಿಮುತ್ತು, ಇಡೀ ದಿನಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು ಎನ್ನುವಂಥವನು, ಮರಳಲ್ಲಿ ಮೊಣಕಾಲೂರಿ ಎಲ್ಲ ಗುಡ್ಡೆಗಳನ್ನೂ ಎರಡು ಕೈಯಲ್ಲಿ ಕಲಸಿಬಿಟ್ಟ. ಇನ್ನಿಬ್ಬರು ಬಂದು ಕೂತರು. ಹೊಸದಾಗಿ ಹನ್ನೆರಡು ಗುಡ್ಡೆ ಎದ್ದವು.

"ಆಯ್ತು, ಇವತ್ತೊಂದು ದಿನ," ಎಂದ ಯಾಗಪ್ಪನ್.

"ಒಂದು ದಿನ ಯಾಕೆ?" ಸವರಿಮುತ್ತು ತಲೆ ಎತ್ತಲಿಲ್ಲ. "ನಾಳೆ ನಿನ್ನ ಸೊಂಟ ಮುರಿದ್ರೆ ಹತ್ತು ಹಾಕೋಣ್ವಾ?"

ಯಾಗಪ್ಪನ್ ದೋಣಿಯ ಕಡೆ ನೋಡಿದ. ಆಮೇಲೆ ಬಗ್ಗಿ ಒಂದು ಗುಡ್ಡೆ ಮುಟ್ಟಿ, "ಇದು ಯಾರ್ದು?" ಎಂದ. ಇನ್ನಾಸಿ ಮತ್ತೆ ಮೊದಲಿಂದ, ಸೂಸೈಯ ಹೆಸರಿಂದಲೇ, ಕೂಗಿದ. ಈ ಸಲ ಎಲ್ಲರೂ ತಮ್ಮ ತಮ್ಮ ಗುಡ್ಡೆ ಬುಟ್ಟಿಗೆ ತುಂಬಿಕೊಂಡರು.

ಬುಟ್ಟಿ ಹೊತ್ತು ಇನ್ನಾಸಿಯೇ ಗುಡಿಸಲಿಗೆ ಹೋದ. ಸೂಸೈಯ ಹೆಂಡತಿ ಲೂರ್ದಮ್ಮ ಬುಟ್ಟಿ ಇಳಿಸಿಕೊಳ್ಳಲಿಲ್ಲ. ಬಾಗಿಲಿಗೆ ಅಡ್ಡ ನಿಂತಳು.

"ಕೊಟ್ಟಿದ್ದಾ, ಕೂಗಿದ್ದಾ?"

"ಕೂಗಿದ್ದಮ್ಮಾ."

ಅವಳು ಬುಟ್ಟಿ ಇಳಿಸಿಟ್ಟು, ಮೀನಿನ ವಾಸನೆಯ ಅವನ ಕೈಯನ್ನು ಕಣ್ಣಿಗೆ ಒತ್ತಿಕೊಂಡಳು. ಇನ್ನಾಸಿಗೆ ನಾಚಿಕೆಯಾಯಿತು. ಕೈ ಬಿಡಿಸಿಕೊಂಡ.

ಮಂಚದ ಮೇಲಿಂದ ಸೂಸೈ ಕೇಳಿದ: "ಎಷ್ಟನೇ ಹೆಸರು?"

"ಮೊದಲನೇದು. ಯಾಗಪ್ಪನ್ ಹನ್ನೊಂದಕ್ಕೇ ನಿಲ್ಲಿಸಿದ್ದ, ಆಮೇಲೆ ಹನ್ನೆರಡಾಯ್ತು."

ಸೂಸೈ ಗೋಡೆಯ ಕಡೆ ಮುಖ ತಿರುಗಿಸಿದ. ಅವನ ಭುಜ ಅಲುಗುತ್ತಿತ್ತು. ಅಲ್ಲಿಂದಲೇ ಹೇಳಿದ:

"ಸುಳ್ಯಾಕೆ ಹೇಳ್ಲಿ ಮಾಮಾ. ಮಲಗಿದೋನು ನೀನಾಗಿ, ಗುಡ್ಡೆ ಹಾಕೋನು ನಾನಾಗಿದ್ರೆ, ನಾನೂ ಹನ್ನೊಂದಕ್ಕೇ ನಿಲ್ಲಿಸ್ತಿದ್ದೆ."

ಇನ್ನಾಸಿ ಮಂಚದ ಅಂಚಿನಲ್ಲಿ ಕೂತ.

"ಗೊತ್ತು ಕಣೋ," ಎಂದ. "ಅದಕ್ಕೇ ಹೆದರಿ ಕೂಗ್ದೆ."